ವಿಲನ್ ಕೇಳಿದ್ದನ್ನು ಕೊಟ್ಟು ನೋಡು

ಪ್ರೀತಿಯ ತಂಗಿ,

ಸೂಪರ್‌ಹೀರೋ ಕುಟುಂಬವೊಂದರ ಕಥೆ ಹೇಳುವ ಪಿಕ್ಸಾರ್ ಅನಿಮೇಷನ್ ಸಿನಿಮಾ 'ದಿ ಇನ್‌ಕ್ರೆಡಿಬಲ್ಸ್' ಮತ್ತು ಅದರ ಎರಡನೇ ಭಾಗದ ಬಗ್ಗೆ ನೀನು ಬರೆದ ಲೇಖನ ಪೂರ್ತಿ ಓದಿದೆ. ಆ ಸಿನಿಮಾಗಳ ಮೇಲೆ ನಿನಗಿರುವ ಪ್ರೀತಿ ಸಾಲುಸಾಲಲ್ಲೂ ಕಾಣುತ್ತದೆ. ಆದರೆ ಓದಿ ಮುಗಿಸಿದಾಗ ನನ್ನ ಹತ್ತಿರ ಉಳಿದದ್ದು ಒಂದು ಪಟ್ಟಿ ಮಾತ್ರ. ಇಲ್ಲೊಂದು ಪ್ಲಾಟ್ ಹೋಲ್ (ಕಥೆಯ ತರ್ಕದಲ್ಲಿನ ತೂತು), ಅಲ್ಲೊಂದು ಪ್ಲಾಟ್ ಹೋಲ್, ಇದು ಹೇಗೆ ಸಾಧ್ಯ, ಅವನು ಯಾಕೆ ಹಾಗೆ ಮಾಡಲಿಲ್ಲ. ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ತೂಕ. ವಿಲನ್ ವಿಷಯ ಬರುವುದು ಕೊನೆಯಲ್ಲಿ, ಅದೂ 'ಕಾರಣ ಗಟ್ಟಿ ಇಲ್ಲ' ಅಂತ ಎರಡು ಮಾತಿನಲ್ಲಿ. ನನ್ನ ತಕರಾರು ಇಲ್ಲಿಂದಲೇ ಶುರು. ತೂತಿನ ಚರ್ಚೆ ಬೇರೆ, ವಿಲನ್ ಚರ್ಚೆ ಬೇರೆ ಅಂತ ನೀನು ಅಂದುಕೊಂಡಿದ್ದೀಯ. ಎರಡೂ ಒಂದೇ ಕಣಮ್ಮಾ.

ಕಥೆಯಲ್ಲಿ ಏನಾದರೂ ವಿಚಿತ್ರ ಕಂಡಾಗ ನಾನು ಮೊದಲು ಕೇಳುವುದು ಇಷ್ಟು: ಇದು ಹೀಗೇ ಆಗಬೇಕು ಅಂತ ಯಾರಿಗೆ ಬೇಕಿತ್ತು, ಪಾತ್ರಕ್ಕೋ, ಕಥೆ ಬರೆದವರಿಗೋ? ಪಾತ್ರಕ್ಕೆ ಬೇಕಿದ್ದರೆ ಅದು ತೂತಲ್ಲ, ಆ ಮನುಷ್ಯನ ಸ್ವಭಾವ. ಕಥೆ ಬರೆದವರಿಗೆ ಮಾತ್ರ ಬೇಕಿದ್ದರೆ ಅದು ನಿಜವಾದ ತೂತು, ಅದರ ಬಗ್ಗೆ ಧೈರ್ಯವಾಗಿ ಬರಿ.

ನಿನ್ನ ಪಟ್ಟಿಯ ಮೊದಲ ಪ್ರಶ್ನೆಯನ್ನೇ ತೆಗೆದುಕೋ. ಮೊದಲ ಭಾಗದ ವಿಲನ್ ಸಿಂಡ್ರೋಮ್, ತನ್ನ ದ್ವೀಪದಲ್ಲಿ ಹೀರೋ ಬಾಬ್ ಕೈಗೆ ಸಿಕ್ಕಾಗ ಅವನನ್ನು ತಕ್ಷಣ ಯಾಕೆ ಕೊಲ್ಲಲಿಲ್ಲ? ಸುಮ್ನೆ ನಿಂತು ಯಾಕೆ ಅಷ್ಟು ಮಾತಾಡಿದ? ಮೊದಲನೆಯದಾಗಿ, ಸಿನಿಮಾಕ್ಕೇ ಈ ಪ್ರಶ್ನೆ ಗೊತ್ತು. ವಿಲನ್‌ಗಳು ಭಾಷಣ ಶುರು ಮಾಡಿ ಕೆಡುತ್ತಾರೆ ಅಂತ ಬಾಬ್ ಮತ್ತು ಅವನ ಹೀರೋ ಗೆಳೆಯ ಫ್ರೋಝೋನ್ ಕಾರಿನಲ್ಲಿ ಕೂತು ಮೊದಲೇ ಮಾತಾಡಿಕೊಂಡಿರುತ್ತಾರೆ. ತಾನೂ ಅದೇ ಬಲೆಗೆ ಬಿದ್ದೆ ಅಂತ ಸಿಂಡ್ರೋಮ್ ಕೂಡ ಬಾಯಿಬಿಟ್ಟು ಹೇಳುತ್ತಾನೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅವನಿಗೆ ಬಾಬ್ ಸತ್ತರೆ ಸಾಲದು, ಬಾಬ್ ನೋಡಬೇಕು. ಇಷ್ಟೆಲ್ಲ ಮಾಡಿದ್ದು ಯಾರಿಗೆ ತೋರಿಸಲಿಕ್ಕೋ ಅವನೇ ಸತ್ತುಹೋದರೆ ತೋರಿಸುವುದು ಯಾರಿಗೆ? ಹಾಗಾಗಿ ಆ ಭಾಷಣ ಪಾತ್ರದ ಹಸಿವಿನಿಂದಲೇ ಬಂದದ್ದು.

ಈಗ ಅವನ ಕಾರಣ. ಹೀರೋ ಬೈದ, ಹುಡುಗ ಸಿಟ್ಟಾದ, ಅಷ್ಟೇ ಅಂತ ಬರೆದಿದ್ದೀಯ. ಮತ್ತೊಮ್ಮೆ ನೋಡು. ಮುಂದೆ ಸಿಂಡ್ರೋಮ್ ಆಗುವ ಬಡ್ಡಿ ಪೈನ್ ಎಂಬ ಆ ಹುಡುಗ ಬ್ಯಾಂಕ್ ದರೋಡೆಯ ಜಾಗಕ್ಕೆ ತಾನೇ ಮಾಡಿದ ರಾಕೆಟ್ ಬೂಟು ಹಾಕಿಕೊಂಡು ಬರುತ್ತಾನೆ. ಬಾಬ್ ಅವನಿಗೆ, ನಾನು ಒಬ್ಬನೇ ಕೆಲಸ ಮಾಡೋನು, ಮನೆಗೆ ಹೋಗು ಅನ್ನುತ್ತಾನೆ. ಬಾಂಬ್ ವಾಯೇಜ್ ಎಂಬ ಕಳ್ಳ ಹುಡುಗನ ಕೇಪ್‌ಗೆ (ಬೆನ್ನಿಗೆ ಇಳಿಬಿಡುವ ಬಟ್ಟೆ) ಒಂದು ಬಾಂಬ್ ಸಿಕ್ಕಿಸುತ್ತಾನೆ. ಹುಡುಗನಿಗೆ ಅದು ಗೊತ್ತೇ ಆಗುವುದಿಲ್ಲ, ಹಾರಿಹೋಗುತ್ತಾನೆ. ಕಳ್ಳನನ್ನು ಬಿಟ್ಟು ಬಾಬ್ ಅವನ ಹಿಂದೆ ಹಾರಿ, ಕೇಪ್ ಹಿಡಿದುಕೊಂಡು, ಬಾಂಬ್ ಬೀಳಿಸಿ ಜೀವ ಉಳಿಸುತ್ತಾನೆ. ಆ ಬಾಂಬ್ ರೈಲು ಹಳಿಯ ಮೇಲೆ ಬೀಳುತ್ತದೆ, ರೈಲನ್ನು ಬಾಬ್ ಮೈಯೊಡ್ಡಿ ನಿಲ್ಲಿಸಬೇಕಾಗುತ್ತದೆ, ಗಾಯಗೊಂಡ ಪ್ರಯಾಣಿಕರು ಕೋರ್ಟಿಗೆ ಹೋಗುತ್ತಾರೆ, ಸೂಪರ್‌ಹೀರೋಗಳು ಮೂಲೆ ಸೇರಬೇಕಾದದ್ದರಲ್ಲಿ ಆ ಕೇಸಿನ ಪಾಲೂ ಇದೆ. ಅಂದರೆ ಈ ಹುಡುಗನನ್ನು ಉಳಿಸಿದ್ದಕ್ಕೆ ಬಾಬ್ ತೆತ್ತ ಬೆಲೆ ಸಣ್ಣದಲ್ಲ. ಆದರೆ ಹದಿನೈದು ವರ್ಷದ ನಂತರ ಸಿಂಡ್ರೋಮ್ ಆ ರಾತ್ರಿಯನ್ನು ನೆನೆಸಿಕೊಂಡಾಗ ಅವನ ನೆನಪಿನಲ್ಲಿ ಇರುವುದು 'ಮನೆಗೆ ಹೋಗು' ಅನ್ನುವ ಒಂದು ಮಾತು ಮಾತ್ರ. ಬಾಂಬ್ ಇಲ್ಲ, ಉಳಿಸಿದ ಕೈ ಇಲ್ಲ.

ಇದನ್ನು ಸಿನಿಮಾ ಎಷ್ಟು ಜಾಣತನದಿಂದ ಮಾಡಿದೆ ನೋಡು. ಆ ರಾತ್ರಿಯನ್ನು ನಮಗೆ ಮೊದಲೇ ಪೂರ್ತಿ ತೋರಿಸಿಬಿಟ್ಟಿದೆ. ಆಮೇಲೆ ಅವನ ಬಾಯಲ್ಲಿ ಕತ್ತರಿಸಿದ ಆವೃತ್ತಿ ಕೇಳಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ನಮ್ಮದು. ಅವನು ಬಿಟ್ಟುಬಿಟ್ಟ ಭಾಗದಲ್ಲೇ ಅವನ ಸ್ವಭಾವ ಇದೆ. ಕೇಪ್ ಹಾಕಬೇಡಿ ಅಂತ ಹೀರೋಗಳ ಉಡುಪು ವಿನ್ಯಾಸ ಮಾಡುವ ಎಡ್ನಾ, ಕೇಪ್‌ನಿಂದ ಸತ್ತ ಹೀರೋಗಳ ಹೆಸರು ಹೇಳಿ ಹೇಳಿ ಹಟ ಹಿಡಿಯುತ್ತಾಳಲ್ಲ, ಆ ಜಗತ್ತಿನಲ್ಲಿ ಕೇಪ್‌ನಿಂದ ಸಾಯುವುದರಲ್ಲಿದ್ದು ಬದುಕಿದವನು ಈ ಹುಡುಗ. ಅವನೇ ದೊಡ್ಡವನಾಗಿ ಕೇಪ್ ಹಾಕಿಕೊಳ್ಳುತ್ತಾನೆ, ಕೊನೆಗೆ ಅದೇ ಕೇಪ್ ಅವನ ವಿಮಾನದ ಎಂಜಿನ್‌ಗೆ ಸಿಕ್ಕಿ ಸಾಯುತ್ತಾನೆ. 'ಇಷ್ಟು ಬುದ್ಧಿವಂತನಿಗೆ ಇದು ಹೊಳೆಯಲಿಲ್ವಾ' ಅಂತ ನೀನು ಕೇಳಿದ್ದೀಯ. ಹೊಳೆಯುವುದು ಹೇಗೆ? ಪಾಠ ಕಲಿಯಬೇಕಾಗಿದ್ದ ಆ ಗಳಿಗೆಯನ್ನೇ ಅವನು ನೆನಪಿನಿಂದ ಅಳಿಸಿದ್ದಾನೆ.

ವಿಲನ್‌ನ ಕಾರಣ ಗಟ್ಟಿ ಇದೆಯೋ ಇಲ್ಲವೋ ಅಂತ ನೋಡಲು ನಾನು ಮಾಡುವುದು ಇದು. ಅವನು ಬಾಯಿಬಿಟ್ಟು ಕೇಳುತ್ತಿರುವುದನ್ನು ಅವನಿಗೆ ಕೊಟ್ಟುಬಿಡು. ಅವನು ನಿಲ್ಲುತ್ತಾನಾ? ಸಿಂಡ್ರೋಮ್ ವಿಷಯದಲ್ಲಿ ಈ ಪರೀಕ್ಷೆಯನ್ನು ಸಿನಿಮಾನೇ ಮಾಡಿ ತೋರಿಸುತ್ತದೆ. ದ್ವೀಪದಲ್ಲಿ ಬಾಬ್ ಕ್ಷಮೆ ಕೇಳುತ್ತಾನೆ. ನಿನ್ನನ್ನು ಹಾಗೆ ನಡೆಸಿಕೊಂಡದ್ದು ತಪ್ಪು ಅನ್ನುತ್ತಾನೆ. ಬರೀ ಅವಮಾನವೇ ಕಾರಣವಾಗಿದ್ದರೆ ಅಲ್ಲಿಗೆ ಏನಾದರೂ ಅಲುಗಬೇಕಿತ್ತು. ಏನೂ ಅಲುಗುವುದಿಲ್ಲ. ನನ್ನಿಂದ ಅಪಾಯ ಇದೆ ಅಂತ ಗೊತ್ತಾದ ಮೇಲಷ್ಟೇ ಗೌರವ ಕೊಡ್ತಿದ್ದೀಯ ಅನ್ನುತ್ತಾನೆ. ಅಷ್ಟರೊಳಗೆ ಅವನು ತನಗೆ ಯಾವ ಅವಮಾನವನ್ನೂ ಮಾಡದ ಎಷ್ಟೋ ಹೀರೋಗಳನ್ನು ತನ್ನ ರೋಬೋಟ್‌ನಿಂದ ಕೊಲ್ಲಿಸಿ ಆಗಿದೆ. ಗುಹೆಯಲ್ಲಿ ಬಾಬ್‌ಗೆ ಗೇಝರ್‌ಬೀಮ್ ಎಂಬ ಹೀರೋನ ಅಸ್ಥಿಪಂಜರ ಸಿಗುತ್ತದಲ್ಲ, ಸಾಯುವ ಮುಂಚೆ ಕಣ್ಣಿನ ಕಿರಣದಲ್ಲಿ ಸಿಂಡ್ರೋಮ್‌ನ ಪಾಸ್‌ವರ್ಡ್ 'ಕ್ರೋನೋಸ್' ಅಂತ ಗೋಡೆಯ ಮೇಲೆ ಕೊರೆದು ಹೋದವನು, ಅವನು ಈ ಹುಡುಗನಿಗೆ ಏನು ಮಾಡಿದ್ದ? ಸೇಡು ಅನ್ನುವುದು ಸಿಂಡ್ರೋಮ್ ತನಗೆ ತಾನೇ ಹೇಳಿಕೊಂಡ ಕಥೆ. ಅವನಿಗೆ ಬೇಕಾಗಿದ್ದು ಆ ಜಾಗ ಮತ್ತು ಆ ಚಪ್ಪಾಳೆ. ಅದಕ್ಕೇ ಊರಿಗೆ ತಾನೇ ರೋಬೋಟ್ ಬಿಟ್ಟು ತಾನೇ ಅದನ್ನು ಸೋಲಿಸುವ ನಾಟಕ. ಆ ನಾಟಕ ಕೆಡುವುದೂ ಎಷ್ಟು ಸಹಜವಾಗಿದೆ. ಎದುರಾಳಿಯ ದುರ್ಬಲ ಜಾಗ ಹುಡುಕಲು ವರ್ಷಗಟ್ಟಲೆ ಕಲಿಸಿದ ರೋಬೋಟ್ ಅದು. ಅದು ರಿಮೋಟ್ ಎಲ್ಲಿದೆ ಅಂತ ಕಂಡುಹಿಡಿದು ಅವನ ಕೈಯಿಂದಲೇ ಹಾರಿಸಿಬಿಡುತ್ತದೆ.

ಸಿಂಡ್ರೋಮ್‌ನ ಸಹಾಯಕಿ ಮಿರಾಜ್ ಯಾಕೆ ದಿಢೀರನೆ ಪಕ್ಷ ಬದಲಿಸಿದಳು ಎಂಬ ನಿನ್ನ ಪ್ರಶ್ನೆಯನ್ನು ತೆಗೆದುಹಾಕು. ಬಾಬ್‌ನ ಮಕ್ಕಳಿರುವ ವಿಮಾನಕ್ಕೆ ಸಿಂಡ್ರೋಮ್ ಮಿಸೈಲ್ ಬಿಟ್ಟದ್ದನ್ನು ಅವಳು ನೋಡಿದ್ದಾಳೆ. ಬಾಬ್ ಅವಳನ್ನು ಹಿಡಿದುಕೊಂಡು ಬೆದರಿಸಿದಾಗ ಸಿಂಡ್ರೋಮ್ ಅವಳ ಜೀವವನ್ನೇ ಪಣಕ್ಕಿಟ್ಟದ್ದೂ ಅವಳಿಗೆ ಗೊತ್ತು. ಇನ್ನೇನು ಬೇಕು?

ಎರಡನೇ ಭಾಗಕ್ಕೆ ಬಂದಾಗ ನಿನ್ನ ಸಿಟ್ಟು ಸರಿಯಾದ ಕಡೆಗೇ ಇದೆ, ಆದರೆ ಬಾಣ ತಪ್ಪು ಜಾಗಕ್ಕೆ ಬಿದ್ದಿದೆ. ಅದರ ವಿಲನ್ ಎವೆಲಿನ್‌ನ ಕಾರಣ ಸರಿಯಿಲ್ಲ ಅಂದಿದ್ದೀಯ. ನನ್ನ ಪ್ರಕಾರ ಈ ಬಗೆಯ ಸಿನಿಮಾಗಳಲ್ಲಿ ಅಷ್ಟು ಚೆನ್ನಾಗಿ ಕಟ್ಟಿದ ಕಾರಣ ಅಪರೂಪ. ಅವಳಪ್ಪನಿಗೆ ಹೀರೋಗಳೆಂದರೆ ಪ್ರಾಣ. ಅವರನ್ನು ನೇರವಾಗಿ ಕರೆಯಲು ಮನೆಯಲ್ಲೇ ಫೋನ್ ಇಟ್ಟುಕೊಂಡಿದ್ದ. ಹೀರೋಗಳನ್ನು ಕಾನೂನು ನಿಷೇಧಿಸಿದ ಮೇಲೆ ಮನೆಗೆ ಕಳ್ಳರು ನುಗ್ಗಿದರು. ಸೇಫ್ ರೂಮಿಗೆ ಹೋಗೋಣ ಅಂತ ಹೆಂಡತಿ ಹೇಳಿದಳು, ಅವನು ಫೋನ್ ಹಿಡಿದುಕೊಂಡು ನಿಂತ, ಯಾರೂ ಎತ್ತಲಿಲ್ಲ, ಗುಂಡು ತಿಂದು ಸತ್ತ. ಈ ಒಂದೇ ಸಾವಿನಿಂದ ಮಗ ವಿನ್‌ಸ್ಟನ್ ಕಲಿತದ್ದು, ಹೀರೋಗಳನ್ನು ನಿಷೇಧಿಸದಿದ್ದರೆ ಅಪ್ಪ ಬದುಕುತ್ತಿದ್ದ ಅಂತ. ಮಗಳು ಎವೆಲಿನ್ ಕಲಿತದ್ದು, ಹೀರೋಗಳನ್ನು ನಂಬದಿದ್ದರೆ ಅಪ್ಪ ಬದುಕುತ್ತಿದ್ದ ಅಂತ. ಇಬ್ಬರೂ ತಪ್ಪು ಅನ್ನಲಾಗುವುದಿಲ್ಲ. ಇದನ್ನು ಸಿನಿಮಾ ಮುಚ್ಚಿಡುವುದೂ ಇಲ್ಲ, ಶುರುವಿನಲ್ಲೇ ಎಲ್ಲರ ಎದುರಿಗೆ ಹೇಳಿಬಿಡುತ್ತದೆ.

ತೊಂದರೆ ಇರುವುದು ಕಾರಣದಲ್ಲಲ್ಲ, ಪ್ಲಾನಿನಲ್ಲಿ. ಮತ್ತೆ ಅದೇ ಪರೀಕ್ಷೆ ಮಾಡು. ಎವೆಲಿನ್‌ಗೆ ಬೇಕಾದದ್ದು ಹೀರೋಗಳು ಕಾನೂನುಬಾಹಿರವಾಗಿರಬೇಕು. ಸಿನಿಮಾ ಶುರುವಾದಾಗ ಅವರು ಕಾನೂನುಬಾಹಿರರಾಗೇ ಇದ್ದಾರೆ! ಅವಳು ಏನೂ ಮಾಡದೆ ಕೂತಿದ್ದರೂ ಆಗುತ್ತಿತ್ತು. ಅದರ ಬದಲು ಬಾಬ್‌ನ ಹೆಂಡತಿ, ತಾನೂ ಹೀರೋ ಆದ ಹೆಲೆನ್‌ಗೆ ಕ್ಯಾಮೆರಾ ಇರುವ ಸೂಟ್ ಕೊಟ್ಟು, ಓಡಿಹೋಗುವ ರೈಲನ್ನು ತಡೆಯುವ ಅವಕಾಶ ಮಾಡಿಕೊಟ್ಟು, ಜಗತ್ತೇ ಅವಳನ್ನು ಮೆಚ್ಚುವಂತೆ ಮಾಡುತ್ತಾಳೆ. ಇದನ್ನು ಸಮರ್ಥಿಸುವವರು ಹೇಳುವುದು: ವಿನ್‌ಸ್ಟನ್ ಹೇಗೂ ಬಿಡುವುದಿಲ್ಲ, ಇವತ್ತಲ್ಲದಿದ್ದರೆ ನಾಳೆ ಕಾನೂನು ಬದಲಾಗುತ್ತದೆ, ಆದ್ದರಿಂದ ಮೇಲೆ ಎತ್ತಿ ಬೀಳಿಸಿದರೆ ಮತ್ತೆ ಯಾರೂ ನಂಬುವುದಿಲ್ಲ ಅನ್ನುವುದು ಅವಳ ಲೆಕ್ಕ. ಒಪ್ಪಬಹುದಾದ ಮಾತು, ನಿನ್ನ ಲೇಖನದಲ್ಲಿ ಅದು ಬರಲೇಬೇಕು. ಆದರೆ ಜಗತ್ತಿನ ನಾಯಕರೆಲ್ಲ, ಹೀರೋಗಳೆಲ್ಲ ಒಂದೇ ಹಡಗಿನಲ್ಲಿ ಸೇರಿ ಆ ಹಡಗು ಊರಿಗೆ ಬಂದು ಗುದ್ದುವುದು ಎವೆಲಿನ್‌ಗಿಂತ ಜಾಸ್ತಿ ಕ್ಲೈಮ್ಯಾಕ್ಸ್‌ಗೆ ಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಯಾರೋ ಬಂದು ಕಾಪಾಡುತ್ತಾರೆ ಅಂತ ಜನ ತಮ್ಮ ಬುದ್ಧಿಯನ್ನು ಒತ್ತೆ ಇಡುತ್ತಾರೆ ಎಂದು ದುಃಖಪಡುವವಳು ಅದೇ ಜನರ ಬುದ್ಧಿಯನ್ನು ಪರದೆಯಿಂದ ಕಿತ್ತುಕೊಳ್ಳುತ್ತಾಳೆ, ಒಬ್ಬ ಬಡಪಾಯಿ ಪಿಜ್ಜಾ ಹುಡುಗನನ್ನು ಹಿಪ್ನೋಟೈಸ್ ಮಾಡಿ ಸ್ಕ್ರೀನ್‌ಸ್ಲೇವರ್ ಎಂಬ ಮುಸುಕಿನ ವಿಲನ್ ಅಂತ ನಿಲ್ಲಿಸುತ್ತಾಳೆ. ಇದು ತೂತಲ್ಲ, ಒಳ್ಳೆಯ ವಿರೋಧಾಭಾಸ. ನನ್ನ ನೋವು ಏನೆಂದರೆ, ಅವಳ ಜೊತೆ ಅಷ್ಟು ಸ್ನೇಹ ಬೆಳೆಸಿಕೊಂಡ ಹೆಲೆನ್ ಕೂಡ ಅವಳನ್ನು ಕೂರಿಸಿ ಈ ಒಂದು ಮಾತನ್ನು ಕೇಳುವುದಿಲ್ಲ. ನೀನು ಬರೆಯಬೇಕಾದದ್ದು ಇದನ್ನು.

ಎರಡನೇ ಭಾಗ ಬಂದ 2018ರಲ್ಲೇ ಬಂದ 'ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್' ಜೊತೆ ಹೋಲಿಸಿ ನೋಡು. ಆ ವರ್ಷದ ಅನಿಮೇಷನ್ ಆಸ್ಕರ್‌ಗೆ ಎರಡೂ ಸ್ಪರ್ಧೆಯಲ್ಲಿದ್ದವು, ಗೆದ್ದದ್ದು ಸ್ಪೈಡರ್-ವರ್ಸ್. ಅದರ ವಿಲನ್ ಕಿಂಗ್‌ಪಿನ್ ಸ್ಪೈಡರ್-ಮ್ಯಾನ್‌ನನ್ನು ಹೊಡೆಯುವುದನ್ನು ಹೆಂಡತಿ ವನೆಸಾ ಮತ್ತು ಮಗ ನೋಡಿ, ಹೆದರಿ ಓಡಿ, ಕಾರಿನ ಅಪಘಾತದಲ್ಲಿ ಸಾಯುತ್ತಾರೆ. ಅವರನ್ನು ಬೇರೆ ಜಗತ್ತಿನಿಂದ ತರಲು ಅವನು ಬ್ರೂಕ್ಲಿನ್ ಕೆಳಗೆ ದೊಡ್ಡ ಯಂತ್ರ ಕಟ್ಟುತ್ತಾನೆ. ಆ ಇನ್ನೊಂದು ಜಗತ್ತಿನ ವನೆಸಾ ಇವನನ್ನು ಗಂಡ ಅಂತ ಯಾಕೆ ಒಪ್ಪುತ್ತಾಳೆ? ನಿನ್ನ ಪಟ್ಟಿಯ ಪ್ರಕಾರ ಇದೂ ಪ್ಲಾಟ್ ಹೋಲ್. ಆದರೆ ಕೊನೆಯಲ್ಲಿ ಅವರು ಒಂದು ಗಳಿಗೆ ಕಾಣಿಸುತ್ತಾರೆ. ಅವನು ಆಗ ಏನು ಮಾಡುತ್ತಿದ್ದಾನೆ? ಹೊಸ ಸ್ಪೈಡರ್-ಮ್ಯಾನ್ ಆದ ಹುಡುಗ ಮೈಲ್ಸ್‌ನನ್ನು ಹೊಡೆಯುತ್ತಿದ್ದಾನೆ. ಅವರು ಮತ್ತೆ ಹೆದರುತ್ತಾರೆ, ಮತ್ತೆ ಹೋಗುತ್ತಾರೆ. ಕೇಳಿದ್ದು ಕೈಗೆ ಸಿಕ್ಕರೂ ಅವನು ಅದೇ ಮನುಷ್ಯನಾಗಿ ಉಳಿದಿದ್ದಾನೆ. ಆ ದೃಶ್ಯ ಬಂದಾಗಲೆಲ್ಲ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ.

ಇನ್ನೊಂದು ಮಾತು. ಅನಿಮೇಷನ್‌ನಲ್ಲಿ ಯಾವುದೂ ತಾನಾಗಿ ಬಂದು ಫ್ರೇಮಿನಲ್ಲಿ ಕೂರುವುದಿಲ್ಲ. ಒಂದು ಕಣ್ಣೋಟವನ್ನೂ ಯಾರೋ ನಿರ್ಧರಿಸಿ ಮಾಡಬೇಕು. ಪಿಕ್ಸಾರ್‌ನಲ್ಲಿ ಮೊದಲು ಸ್ಟೋರಿಬೋರ್ಡ್ ಚಿತ್ರಗಳನ್ನು ಜೋಡಿಸಿ ಕಚ್ಚಾ ಸಿನಿಮಾ ಮಾಡುತ್ತಾರೆ, ಜೊತೆಯ ನಿರ್ದೇಶಕರು, ಬರಹಗಾರರು ಅದನ್ನು ನೋಡಿ ಜಗಳಾಡುತ್ತಾರೆ, ಮತ್ತೆ ಮತ್ತೆ ತಿದ್ದುತ್ತಾರೆ. ನಿನಗೆ ಮೊದಲ ಸಲಕ್ಕೇ ಕಂಡ ಲೋಪ ಅವರಿಗೆ ಕಂಡಿರುವ ಸಾಧ್ಯತೆ ಜಾಸ್ತಿ. ಕಂಡೂ ಯಾಕೆ ಉಳಿಸಿಕೊಂಡರು ಅಂತ ಯೋಚಿಸು, ಲೇಖನ ಅಲ್ಲಿ ಬೆಳೆಯುತ್ತದೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಅಭ್ಯಾಸ ಇದೆ. ಕರಾವಳಿ, ಮಲೆನಾಡಿನ ಕಡೆ ತಾಳಮದ್ದಲೆ ಕೂಟಕ್ಕೆ ಒಮ್ಮೆ ಹೋಗಿ ಕೂರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಕೌರವನ ಅರ್ಥ ಹೇಳುವವರು ಅಲ್ಲೇ ಮಾತು ಕಟ್ಟಿ ಕೌರವನ ಪರ ವಾದ ಹೂಡುತ್ತಾರೆ. ಕೌರವ ಸೋಲುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು, ಆದರೂ ಅವನ ವಾದ ಸಡಿಲವಾದರೆ ಆ ರಾತ್ರಿಯ ಕೂಟ ರುಚಿಸುವುದಿಲ್ಲ. ನೀನೂ ಹಾಗೆ ಎವೆಲಿನ್ ಪರವಾಗಿ ಒಂದು ಪುಟ ಬರಿ, ಅವಳ ಬಾಯಲ್ಲೇ ಬರಿ. ಆ ಪುಟ ಬರೆಯಲು ಎಲ್ಲಿ ಕಷ್ಟವಾಗುತ್ತದೋ ಆ ಜಾಗಕ್ಕೆ ಗುರುತು ಹಾಕಿಕೋ. ತೂತು ಇರುವುದು ಅಲ್ಲಿ.

ನಿನ್ನ ಪಟ್ಟಿಯಲ್ಲಿ ನಾನು ಪೂರ್ತಿ ಒಪ್ಪುವುದು ಬಾಬ್ ಮತ್ತು ಹೆಲೆನ್‌ರ ಕೂಸು ಜಾಕ್-ಜಾಕ್ ವಿಷಯ. ಮೊದಲ ಭಾಗದ ಕೊನೆಯಲ್ಲಿ ಸಿಂಡ್ರೋಮ್ ಮಗುವನ್ನು ಎತ್ತಿಕೊಂಡು ಹಾರಿದಾಗ ಅದು ಬೆಂಕಿಯಾಗುತ್ತದೆ, ಲೋಹವಾಗುತ್ತದೆ, ಸಣ್ಣ ರಾಕ್ಷಸನಾಗುತ್ತದೆ. ಮನೆಯವರು ಕೆಳಗೆ ನಿಂತು, ದೂರದಿಂದಲಾದರೂ, ನೋಡುತ್ತಿದ್ದಾರೆ. ಮಗುವಿನ ವಿಚಿತ್ರಗಳ ಬಗ್ಗೆ ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಕೇರಿ ಫೋನಿನಲ್ಲಿ ಬಿಟ್ಟ ಮೆಸೇಜುಗಳನ್ನೂ ಹೆಲೆನ್ ಕೇಳಿದ್ದಾಳೆ. ಎರಡನೇ ಭಾಗ ಮೊದಲನೆಯದು ನಿಂತ ಜಾಗದಿಂದಲೇ ಶುರುವಾದರೂ ಯಾರಿಗೂ ಒಂದು ಅನುಮಾನವೂ ಇಲ್ಲ. ಬಾಬ್ ರಾತ್ರಿ ಎದ್ದು ಬಂದು ಬೆಚ್ಚಿಬೀಳುವ ಆ ತಮಾಷೆ ಬರಹಗಾರರಿಗೆ ಬೇಕಿತ್ತು. ಅಪ್ಪ ಅಮ್ಮ ಆದವರು ತಮ್ಮ ಮಗುವಿನ ವಿಷಯದಲ್ಲಿ ಅಷ್ಟು ಕುರುಡಾಗಿರುವುದಿಲ್ಲ. ಇದನ್ನು ಪಟ್ಟಿಯ ಕೊನೆಯಿಂದ ತೆಗೆದು ಲೇಖನದ ಮಧ್ಯಕ್ಕೆ ತಾ, ಬಿಡಿಸಿ ಬರಿ. ಕಾರು, ಗಡಿಯಾರ, ದೂರದ ಲೆಕ್ಕಗಳನ್ನೆಲ್ಲ ಬಿಟ್ಟುಬಿಡು.

ನೀನು ಜೊತೆಗೆ ಕಳಿಸಿದ ನಿನ್ನ ಕಥೆಯನ್ನೂ ಓದಿದೆ. ಕೆರೆ ಮುಚ್ಚಿಸುವ ಆ ಬಿಲ್ಡರ್‌ಗೂ ಇದೇ ಪರೀಕ್ಷೆ ಮಾಡು. ಅವನು ಕೇಳುತ್ತಿರುವ ದುಡ್ಡನ್ನು ಮೂರನೇ ಪುಟದಲ್ಲೇ ಕೊಟ್ಟುಬಿಡು. ಆಮೇಲೂ ಅವನು ಕೆರೆ ಮುಚ್ಚಿಸುತ್ತಾನೆ ಅಂತ ನಿನಗೆ ಅನ್ನಿಸಿದರೆ, ಯಾಕೆ ಅಂತ ಅವನನ್ನೇ ಕೇಳಿ ಬರಿ. ಅನ್ನಿಸದಿದ್ದರೆ ಅವನ ಮನೆ, ಅವನ ಊರು, ಆ ಕೆರೆಯ ಹತ್ತಿರ ಅವನು ಕಳೆದ ದಿನಗಳು, ಇವನ್ನೆಲ್ಲ ಮೊದಲು ಬೇರೆ ಕಾಗದದಲ್ಲಿ ಬರೆದುಕೋ. ಲೇಖನ ತಿದ್ದಿದ ಮೇಲೆ ಎರಡನ್ನೂ ಒಟ್ಟಿಗೆ ಕಳಿಸು, ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ