ಮೇಯರ್ ಅವರನ್ನು ಕರೆಯುವುದಾದರೆ ಕೆಲಸ ಕೊಟ್ಟು ಕರೆಯೋಣ

ಮಾನ್ಯ ಸಂಪಾದಕರೇ,

ಮೇಯರ್ ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ಅದೇ ಸುದ್ದಿ. ಮೀಸಲಾತಿ ಯಾರಿಗೆ ಬಂತು, ಯಾವ ಪಕ್ಷದ ಸದಸ್ಯರು ಯಾವ ರೆಸಾರ್ಟ್‌ನಲ್ಲಿದ್ದಾರೆ, ಶಾಸಕರ, ಸಂಸದರ ಮತ ಯಾರ ಕಡೆ ಬಿತ್ತು ಎಂದು ಎಲ್ಲವನ್ನೂ ಓದುತ್ತೇವೆ. ಗೆದ್ದವರು ಗೌನು ತೊಟ್ಟು ನಿಂತ ಫೋಟೊ ಮರುದಿನ ಬರುತ್ತದೆ. ಅಲ್ಲಿಂದಾಚೆ ಆ ಹೆಸರು ಹೆಚ್ಚಾಗಿ ಕಾಣುವುದು ಆಹ್ವಾನ ಪತ್ರಿಕೆಗಳಲ್ಲಿ, ಅದೂ ಹದಿನೈದು ಇಪ್ಪತ್ತು ಹೆಸರುಗಳ ಮಧ್ಯೆ. ಈ ಬಗ್ಗೆ ನಾಲ್ಕು ಮಾತು ಬರೆಯಬೇಕು ಎನಿಸಿದೆ.

ನಾನು ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ರಾಜ್ಯೋತ್ಸವ ಇರಲಿ, ಮಕ್ಕಳ ಪ್ರತಿಭಾ ಪುರಸ್ಕಾರ ಇರಲಿ, ಅತಿಥಿಗಳನ್ನು ಕರೆಯುವ ಓಡಾಟ ನನ್ನದು. ಸಭೆಯಲ್ಲಿ ಮೇಯರ್ ಹೆಸರು ಎತ್ತಿದ ತಕ್ಷಣ ಒಂದು ಮಾತು ಬಂದೇ ಬರುತ್ತದೆ: "ಮೇಯರ್‌ಗೆ ಏನು ಪವರ್ ಇದೆ ಮೇಡಂ? ಎಂಎಲ್‌ಎ ಅವರನ್ನೇ ಕರೆಯೋಣ, ರಸ್ತೆಗಾದರೂ ಅನುದಾನ ಬರುತ್ತೆ."

ಅದರಲ್ಲಿ ನಿಜ ಇಲ್ಲ ಎನ್ನಲಾರೆ. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಂತೆ ಪಾಲಿಕೆಯ ಆಡಳಿತ ನಡೆಸುವವರು ಆಯುಕ್ತರು. ಮೇಯರ್ ಸಾಮಾನ್ಯ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಚರ್ಚೆ ನಡೆಸುತ್ತಾರೆ. ನಮ್ಮ ಊರುಗಳಲ್ಲಿ ಅವರಿಗೆ ಸಿಗುತ್ತಾ ಬಂದಿರುವುದು ಒಂದೊಂದೇ ವರ್ಷ. ಕಡತಗಳು ಅರ್ಥವಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಆದರೆ ಅಧಿಕಾರ ಕಡಿಮೆ ಎಂಬ ಕಾರಣಕ್ಕೆ ಬಿಟ್ಟುಬಿಡುವ ಸ್ಥಾನ ಇದಲ್ಲ. ಶಾಸಕರು ಒಂದು ಕ್ಷೇತ್ರದವರು. ಉಸ್ತುವಾರಿ ಸಚಿವರು ಸರ್ಕಾರದವರು. ಇಡೀ ಊರಿನ ಪರವಾಗಿ ನಿಂತು "ಬನ್ನಿ" ಎನ್ನಲು, "ನಿಮ್ಮಿಂದ ಊರಿಗೆ ಒಳ್ಳೆಯದಾಯಿತು" ಎನ್ನಲು ಇರುವವರು ಮೇಯರ್. ಅದಕ್ಕೇ ಅಲ್ವಾ ಅವರನ್ನು ನಗರದ ಪ್ರಥಮ ಪ್ರಜೆ ಎಂದು ಕರೆಯುವುದು? ಜಂಬೂಸವಾರಿಯ ಮೆರವಣಿಗೆಯಲ್ಲಿ ಮೈಸೂರಿನ ಮೇಯರ್ ಕುದುರೆ ಏರಿ ಸಾಗುವ ಪದ್ಧತಿ ಇದೆ. ಅದಕ್ಕಾಗಿ ಅಶ್ವಾರೋಹಿ ಪೊಲೀಸರ ಬಳಿ ಸವಾರಿ ಕಲಿತ ಮಹಿಳಾ ಮೇಯರ್‌ಗಳೂ ಇದ್ದಾರೆ. ಆ ಸವಾರಿಯಿಂದ ಯಾವ ಫೈಲೂ ಮುಂದೆ ಹೋಗುವುದಿಲ್ಲ. ಆದರೂ ದಾರಿಯ ಎರಡೂ ಬದಿಯಲ್ಲಿ ನಿಂತ ಜನ "ನಮ್ಮ ಮೇಯರ್" ಎಂದು ಕೈಬೀಸುತ್ತಾರೆ. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಮೀರಿ ಮೇಯರೇ ಇರಲಿಲ್ಲ. ಆಡಳಿತಾಧಿಕಾರಿಗಳು ಕೆಲಸ ನಡೆಸಿದರು, ಸರಿ. ಆದರೆ ಊರಿನ ಹೆಸರಲ್ಲಿ ಒಬ್ಬರನ್ನು ಕರೆಯಬೇಕೆಂದರೆ ಯಾರನ್ನು ಕರೆಯುವುದು?

ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅವರು 2010-11ರಲ್ಲಿ ಲಂಡನ್‌ನ ಲ್ಯಾಂಬೆತ್‌ಗೆ ಮೇಯರ್ ಆಗಿದ್ದು ಓದುಗರಿಗೆ ನೆನಪಿರಬಹುದು. ಅಲ್ಲೂ ಆಡಳಿತ ಇರುವುದು ಕೌನ್ಸಿಲ್ ನಾಯಕರ ಕೈಯಲ್ಲಿ. ಇಡೀ ಲಂಡನ್‌ನ ಮೇಯರ್ ಬೇರೆ, ಅವರಿಗೆ ಅಧಿಕಾರ ಜಾಸ್ತಿ. ಲ್ಯಾಂಬೆತ್‌ನಂಥ ಕಡೆ ಮೇಯರ್ ಎಂದರೆ ಮುಖ್ಯವಾಗಿ ಗೌರವದ ಸ್ಥಾನ. ಕೊರಳಿಗೆ ಪದವಿಯ ಸರ ಹಾಕಿಕೊಂಡು ಶಾಲೆ, ವೃದ್ಧಾಶ್ರಮ, ಸಂಘ ಸಂಸ್ಥೆಗಳಿಗೆ ಹೋಗಿ ಬರುವುದೇ ದೊಡ್ಡ ಕೆಲಸ. ಇಷ್ಟಿದ್ದರೂ ಆ ಸ್ಥಾನದ ಒಡನಾಟವನ್ನು ಅವರು ಎಷ್ಟು ಚೆನ್ನಾಗಿ ಬಳಸಿಕೊಂಡರು ಎನ್ನುವುದಕ್ಕೆ ಥೇಮ್ಸ್ ನದಿಯ ದಡದ ಬಸವೇಶ್ವರರ ಪ್ರತಿಮೆಯೇ ಸಾಕ್ಷಿ. 2015ರ ನವೆಂಬರ್ 14ರಂದು ಪ್ರಧಾನಿಯವರು ಅದನ್ನು ಅನಾವರಣ ಮಾಡಿದರು.

ಇಂಗ್ಲೆಂಡಿನ ಇನ್ನೊಂದು ಪದ್ಧತಿ ನನಗೆ ತುಂಬಾ ಹಿಡಿಸಿತು. ಮೇಯರ್ ಅವರನ್ನು ಕರೆಯಲು ಅಲ್ಲಿನ ಅನೇಕ ಕೌನ್ಸಿಲ್‌ಗಳಲ್ಲಿ ಒಂದು ಫಾರಂ ಇರುತ್ತದೆ. ಕಾರ್ಯಕ್ರಮ ಏನು, ಎಷ್ಟು ಹೊತ್ತಿಗೆ ಬರಬೇಕು, ಬಾಗಿಲಲ್ಲಿ ಬರಮಾಡಿಕೊಳ್ಳುವವರು ಯಾರು, ಭಾಷಣ ಇದೆಯೇ, ಇದ್ದರೆ ಎಷ್ಟು ನಿಮಿಷ, ಕಾರು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತಿಗೆ ಹೊರಡಬಹುದು ಎಂದೆಲ್ಲ ಕೇಳುತ್ತಾರೆ. ಇಷ್ಟು ಬರೆದುಕೊಟ್ಟರೆ ಕರೆದವರಿಗೂ ನಿರಾಳ, ಬರುವವರಿಗೂ ನಿರಾಳ.

ನಮ್ಮಲ್ಲಿ ಹೇಗೆ? ಕಾರ್ಡು ಪ್ರಿಂಟ್ ಆದ ಮೇಲೆ ತಲುಪಿಸುತ್ತೇವೆ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಅಕ್ಷರ ಎಷ್ಟು ದಪ್ಪ ಎಂಬುದರಲ್ಲೇ ಮೂರು ಸಂಜೆ ಕಳೆಯುತ್ತವೆ. ಮೇಯರ್ ಬಂದು ಏನು ಮಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹತ್ತು ಗಂಟೆಗೆ ಎಂದು ಹಾಕಿ ಹನ್ನೊಂದೂವರೆಗೆ ಶುರು ಮಾಡುತ್ತೇವೆ. ಆಮೇಲೆ ಒಬ್ಬೊಬ್ಬರಿಗೂ ಹಾರ, ತುರಾಯಿ. ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಬಹುದು ಎಂದು 2021ರಲ್ಲೇ ಸರ್ಕಾರ ಹೇಳಿತ್ತು. ಅದನ್ನು ಸಂಘ ಸಂಸ್ಥೆಗಳೂ ಪಾಲಿಸಿದರೆ ಅರ್ಧ ಗಂಟೆ ಉಳಿಯುತ್ತದೆ. ಮೇಯರ್ ಮಾತಿಗೆ ನಿಲ್ಲುವಷ್ಟರಲ್ಲಿ ಮಕ್ಕಳು ಹಸಿದು ಎದ್ದು ಹೋಗಿರುತ್ತಾರೆ. ಮುಂದೆ ಕೂತವರು ವೇದಿಕೆಯವರ ಮನೆಯವರೇ. ಹೀಗಾದರೆ ಮೇಯರ್ ಬಂದದ್ದರಿಂದ ಯಾರಿಗೆ ಏನು ಸಿಕ್ಕಿತು?

ಇದಕ್ಕೆ ಬೇರೆಯಾಗಿ ನಡೆದ ಒಂದು ಕಾರ್ಯಕ್ರಮದ ಬಗ್ಗೆ ಹೇಳಬೇಕು. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಒಂದು ವರ್ಷ ಆ ದಿನದ ಆಸುಪಾಸಿನಲ್ಲಿ ನಮ್ಮ ಬಡಾವಣೆ ಗುಡಿಸುವವರನ್ನು ಗೌರವಿಸಲು ತೀರ್ಮಾನಿಸಿದೆವು. ಬೇರೆ ಅತಿಥಿಗಳು ಬೇಡ, ಮೇಯರ್ ಒಬ್ಬರೇ ಸಾಕು ಎಂದು ನಾನು ಹಟ ಹಿಡಿದೆ. ಇವರು ಪಾಲಿಕೆಯ ಕೆಲಸಗಾರರು, ಗೌರವಿಸಬೇಕಾದವರು ಪಾಲಿಕೆಯ ಹಿರಿಯರೇ. ಮೊದಲೇ ಮೇಯರ್ ಅವರ ಪಿಎಗೆ ಒಂದು ಹಾಳೆ ಕೊಟ್ಟೆ. ಒಬ್ಬೊಬ್ಬರ ಹೆಸರು, ಅವರು ಗುಡಿಸುವ ರಸ್ತೆ, ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ ಎಂಬುದು ಅದರಲ್ಲಿತ್ತು. ಬೆಳಗಿನ ಕೆಲಸ ಮುಗಿದ ಮೇಲೆ, ತಿಂಡಿ ಹೊತ್ತಿಗೆ ಕಾರ್ಯಕ್ರಮ ಎಂದೂ ಬರೆದಿದ್ದೆ.

ಮೇಯರ್ ಆ ಹಾಳೆ ಓದಿಕೊಂಡೇ ಬಂದಿದ್ದರು. ಶಾಲು ಹೊದಿಸುವಾಗ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸಿದರು. "ನೀವೇ ಅಲ್ವಾ ಪಾರ್ಕ್ ಹಿಂದಿನ ರಸ್ತೆ ನೋಡಿಕೊಳ್ಳೋದು?" ಎಂದು ಒಬ್ಬ ಹಿರಿಯ ಹೆಂಗಸನ್ನು ಕೇಳಿದರು. ಆಕೆ ತಲೆ ತಗ್ಗಿಸಿಕೊಂಡು ಬಂದಿದ್ದವರು ನೆಟ್ಟಗೆ ನಿಂತು, "ಹೌದವ್ವಾ, ಆ ಕಡೆ ಮೋರಿನೂ ನಂದೇ" ಎಂದರು. ಭಾಷಣ ಐದು ನಿಮಿಷವೂ ಇರಲಿಲ್ಲ. ಆಮೇಲೆ ಅವರ ಜೊತೆಗೇ ಎಲೆ ಮುಂದೆ ಕೂತು ಉಪ್ಪಿಟ್ಟು, ಕೇಸರಿಬಾತ್ ತಿಂದರು. ಕೈಗವಸು ಸರಿಯಾಗಿ ಬರುತ್ತಾ, ಸಂಬಳ ನೇರ ಪಾವತಿಯಲ್ಲಿ ಬರುತ್ತಾ ಇಲ್ಲವಾ ಎಂದು ಕೇಳಿ ಪಿಎ ಕೈಲಿ ಬರೆಸಿಕೊಂಡರು. ಶಾಸಕರನ್ನು ಕರೆದಿದ್ದರೆ ರಸ್ತೆ ಬರುತ್ತಿತ್ತೋ ಏನೋ. ಆದರೆ ಆ ಹೆಂಗಸು ಇವತ್ತಿಗೂ ಎದುರಾದಾಗ "ಮೇಯರಮ್ಮ ನನ್ನ ಹೆಸರು ಹೇಳಿದ್ರಲ್ಲ" ಎನ್ನುತ್ತಾರೆ.

ಇನ್ನೊಂದು ಸಂಗತಿ ಹೇಳಲೇಬೇಕು. ಸಂವಿಧಾನದ 74ನೇ ತಿದ್ದುಪಡಿಯ ನಂತರ ಮೇಯರ್ ಸ್ಥಾನಕ್ಕೂ ಮೀಸಲಾತಿ ಬಂತು. ಹಿಂದೆ ಯಾವ ವೇದಿಕೆಗೂ ಯಾರೂ ಕರೆಯದಿದ್ದ ಕೇರಿಗಳಿಂದ, ಮನೆಗಳಿಂದ ಹೆಣ್ಣುಮಕ್ಕಳು ಬಂದು ಆ ಕುರ್ಚಿಯಲ್ಲಿ ಕೂತಿದ್ದಾರೆ. ಅಂಥವರನ್ನು ಕರೆಯುವಾಗ ಅನೇಕ ಸಂಘಗಳು ಫೋನ್ ಮಾಡುವುದು ಅವರ ಯಜಮಾನರಿಗೆ. ವೇದಿಕೆಯಲ್ಲಿ ಯಜಮಾನರಿಗೂ ಕುರ್ಚಿ, ಯಜಮಾನರಿಗೂ ಮೈಕು. ನನಗೆ ಇದು ಸಹಿಸಲು ಆಗುವುದಿಲ್ಲ. ಕರೆಯಬೇಕಾದದ್ದು ಮೇಯರ್ ಅವರನ್ನು. ಅವರ ಕಚೇರಿಗೆ ಹೋಗಿ, ಅವರ ಎದುರಲ್ಲೇ ಕೂತು, ಅವರ ಕೈಗೇ ಪತ್ರ ಕೊಡಬೇಕು. ಅವರಿಗೆ ಭಾಷಣ ಅಭ್ಯಾಸವಿಲ್ಲದಿದ್ದರೆ ಏನೀಗ? ಎರಡು ನಿಮಿಷ ಮಾತಾಡಲಿ. ನಾವು ಕೇಳೋಣ.

ಪುರಸಭೆ, ನಗರಸಭೆ ಇರುವ ಊರುಗಳಲ್ಲಿ ಅಧ್ಯಕ್ಷರ ವಿಚಾರಕ್ಕೂ ಇದೇ ಮಾತು.

ಮೇಯರ್‌ಗಳ ಕಡೆಯಿಂದಲೂ ಒಂದು ಬದಲಾವಣೆ ಆಗಬೇಕು. ದೊಡ್ಡ ಕಲ್ಯಾಣ ಮಂಟಪದ ಸಮಾರಂಭಕ್ಕೆ ಒಪ್ಪುವಷ್ಟೇ ಸುಲಭವಾಗಿ ಅಂಗನವಾಡಿಗೆ, ವಾರ್ಡಿನ ಗ್ರಂಥಾಲಯಕ್ಕೆ, ಅಂಧ ಮಕ್ಕಳ ಶಾಲೆಗೆ ಒಪ್ಪಬೇಕು. ಬರಲು ಆಗದಿದ್ದರೆ ಆಗಲ್ಲ ಎಂದು ಮೊದಲೇ ತಿಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರಾಗುವುದು ಮಕ್ಕಳು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಕಾಯುವಾಗ ಸುದ್ದಿಯೇ ಇಲ್ಲದಿದ್ದರೆ.

ಹಾಗಾಗಿ ರಾಜ್ಯದ ಎಲ್ಲ ಮಹಾನಗರ ಪಾಲಿಕೆಗಳಲ್ಲಿ ನನ್ನದೊಂದು ಕೋರಿಕೆ. ಆಸ್ತಿ ತೆರಿಗೆ ಕಟ್ಟುವ ನಿಮ್ಮ ಜಾಲತಾಣದಲ್ಲೇ ಮೇಯರ್ ಅವರನ್ನು ಆಹ್ವಾನಿಸಲು ಒಂದು ಪುಟದ ಕನ್ನಡ ಫಾರಂ ಹಾಕಿ. ಮೇಲೆ ಹೇಳಿದ ಪ್ರಶ್ನೆಗಳೇ ಸಾಕು. ಎಷ್ಟು ದಿನ ಮೊದಲು ಕೊಡಬೇಕು, ಉತ್ತರ ಎಷ್ಟು ದಿನದಲ್ಲಿ ಬರುತ್ತದೆ ಎಂದು ಅದರಲ್ಲೇ ಬರೆಯಿರಿ. ಮೇಯರ್ ಆ ವಾರ ಎಲ್ಲೆಲ್ಲಿಗೆ ಹೋಗುತ್ತಾರೆ ಎಂಬ ಪಟ್ಟಿಯನ್ನೂ ಅಲ್ಲೇ ಹಾಕಿ. ಯಾವ ವಾರ್ಡಿಗೆ ಅವರು ಬಂದೇ ಇಲ್ಲ ಎನ್ನುವುದು ಆಗ ಜನರಿಗೇ ಗೊತ್ತಾಗುತ್ತದೆ, ಅಲ್ಲಿಯವರು ಧೈರ್ಯವಾಗಿ ಕರೆಯುತ್ತಾರೆ. ಆ ಪಟ್ಟಿಯನ್ನು ತಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ವಾರಕ್ಕೊಮ್ಮೆ ಪ್ರಕಟಿಸಿದರೆ, ಮೊಬೈಲ್ ನೋಡದ ನಮ್ಮ ಸಂಘದ ಹಿರಿಯರಿಗೂ ತಲುಪುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವಾಸಿಗಳ ಸಂಘವೊಂದರ ಕಾರ್ಯದರ್ಶಿ