ಶಾಲು ಆಮೇಲೆ, ಮೊದಲು ಆಟೋ ಬಾಡಿಗೆ

ಯಶವಂತಪುರ, ಭಾನುವಾರ

ಚಿ. ಮಾಲಿನಿಗೆ ಮಾವನ ಆಶೀರ್ವಾದಗಳು.

ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ನಿನ್ನ ತಲೆಗೆ ಕಟ್ಟಿದ್ದಾರೆ ಅಂತ ನಿಮ್ಮಮ್ಮ ಹೇಳಿದಳು. ಫೈನಲ್ ಇಯರ್ ಬಿ.ಕಾಂ. ಮಕ್ಕಳಿಗೆ ತಿಂಗಳಿಗೊಬ್ಬ ಅತಿಥಿಯನ್ನು ಕರೆಸಬೇಕಂತೆ. ನೀನು ದೊಡ್ಡ ಕಂಪನಿಗಳ ಡೈರೆಕ್ಟರುಗಳ ಪಟ್ಟಿ ಹಿಡಿದು ಕೂತಿದ್ದೀಯಂತೆ. ಅದನ್ನು ಸ್ವಲ್ಪ ಪಕ್ಕಕ್ಕಿಡು ಪುಟ್ಟಿ.

ನಾನೂ ಒಮ್ಮೆ ಅತಿಥಿಯಾಗಿ ಒಂದು ಡಿಪ್ಲೊಮಾ ಕಾಲೇಜಿಗೆ ಹೋಗಿದ್ದೆ, ಪೀಣ್ಯದ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ. ಪ್ರಾರ್ಥನೆ, ದೀಪ, ಸ್ವಾಗತ, ನನ್ನ ಪರಿಚಯ (ನನಗೇ ಗೊತ್ತಿಲ್ಲದ ಎಷ್ಟೋ ಗುಣಗಳು ಅದರಲ್ಲಿದ್ದವು), ಪೇಟ, ಶಾಲು, ಹಣ್ಣಿನ ಬುಟ್ಟಿ. ಮೈಕ್ ನನ್ನ ಕೈಗೆ ಬಂದಾಗ ಊಟದ ಬೆಲ್ಲಿಗೆ ಹದಿನೈದು ನಿಮಿಷ ಉಳಿದಿತ್ತು. ಶ್ರಮಪಟ್ಟರೆ ಮೇಲೆ ಬರ್ತೀರಿ ಅಂತ ಏನೋ ಹೇಳಿ ಇಳಿದೆ. ಹುಡುಗರು ಚಪ್ಪಾಳೆ ಹೊಡೆದು ಊಟಕ್ಕೆ ಓಡಿದರು. ತಪ್ಪು ಅವರದಲ್ಲ.

ಇನ್ನೊಂದು ಸಲ ಬೇರೆ ಕಡೆ ಕರೆದಾಗ ಜೇಬಿನಲ್ಲಿ ಮೈಕ್ರೋಮೀಟರ್ (ದಪ್ಪ ಅಳೆಯುವ ಸಾಧನ), ಚೀಲದಲ್ಲಿ ನಾಲ್ಕು ಶಾಫ್ಟ್ (ಯಂತ್ರದ ದುಂಡು ಸರಳು) ಹಾಕಿಕೊಂಡು ಹೋದೆ. ಸಭಾಂಗಣ ಇಲ್ಲ, ಕ್ಲಾಸ್‌ರೂಮು, ಮೂವತ್ತೇ ಜನ. ಒಬ್ಬಳು ಹುಡುಗಿ ಎದ್ದು, "ಸಾರ್, ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?" ಅಂದಳು. ಹೇಳಿದೆ. ಮೈಕ್ರೋಮೀಟರ್ ಒಂದು ಸುತ್ತು ತಿರುಗಿದರೆ ಸರಿಯುವುದು ಅರ್ಧ ಮಿಲಿಮೀಟರ್ ಮಾತ್ರ. ಹಾಗಾಗಿ ಅರ್ಧದ ಗೆರೆ ಕಾಣುತ್ತಿದೆಯಾ ಅಂತ ನೋಡಿ, ಕಂಡರೆ 0.5 ಸೇರಿಸಬೇಕು. ನಾನು ಸೇರಿಸಿರಲಿಲ್ಲ. ಅಳತೆ ಕಮ್ಮಿ ಇದೆ ಅಂತ ಇಡೀ ಒಂದು ಟ್ರೇ ಒಳ್ಳೆ ಮಾಲನ್ನು ರಿಜೆಕ್ಟ್ ಮಾಡಿದ್ದೆ. ಸೂಪರ್‌ವೈಸರ್ ಹತ್ತಿರ ನಾನೇ ಹೋಗಿ ಹೇಳುವುದೋ, ಸುಮ್ನೆ ಇರುವುದೋ ಅಂತ ಕ್ಯಾಂಟೀನಿನಲ್ಲಿ ಟೀ ಆರಿ ಹೋಗುವವರೆಗೂ ಕೂತಿದ್ದೆ. ಇದನ್ನು ಹೇಳುವಾಗ ಒಂದು ಮೊಬೈಲೂ ಆಚೆ ಬರಲಿಲ್ಲ. ಆಮೇಲೆ ಎಲ್ಲರೂ ಶಾಫ್ಟ್ ಅಳೆದರು. ಆರು ಜನ ನನ್ನ ತಪ್ಪನ್ನೇ ಮಾಡಿದರು!

ಕೆಲಸದಲ್ಲಿ ಪಳಗಿದವರನ್ನೇ ಪಾಠಕ್ಕೆ ಕರೆಯೋಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಹುದ್ದೆ ತಂದಿತಲ್ಲ, ಅದಕ್ಕೆ ಕನಿಷ್ಠ 15 ವರ್ಷದ ಅನುಭವ ಬೇಕು. ಸಿಲಬಸ್ ತಿದ್ದುವುದಕ್ಕೆ ಅಂಥವರು ಸರಿ. ಆದರೆ ಕೆಲಸದ ಮೊದಲ ತಿಂಗಳು ಹೇಗಿರುತ್ತೆ ಅನ್ನುವುದು ಅವರಿಗೆ ಮರೆತೇ ಹೋಗಿರುತ್ತೆ. ನಿನಗೆ ಬೇಕಾದವನು ನಿನ್ನ ಕಾಲೇಜಿನಲ್ಲೇ ಓದಿ, ಎರಡು ವರ್ಷದಿಂದ ಯಾವುದೋ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ಹಾಕುತ್ತಿರುವ ಹುಡುಗ. (20ನೇ ತಾರೀಖಿನ ಆಸುಪಾಸು ಕರೆಯಬೇಡ. ತಿಂಗಳ 3ಬಿ ರಿಟರ್ನಿಗೆ ಅದೇ ಕೊನೆ ದಿನ, ಫೋನೂ ಎತ್ತಲ್ಲ.) ಭಾಷಣ ಬೇಡಪ್ಪಾ ಅನ್ನು. ಹೆಸರು ಅಳಿಸಿದ ನಾಲ್ಕು ಬಿಲ್ ತರಲಿ, ಒಂದರಲ್ಲಿ ತಪ್ಪಿರಲಿ. ಬೆಂಗಳೂರಿನಿಂದ ತಮಿಳುನಾಡಿನ ಹೊಸೂರಿಗೆ ಮಾರಿದ ಮಾಲಿಗೆ, ಬೇರೆ ರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಬದಲು ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ ಬಿಲ್ ಆದರೂ ಸಾಕು. ಮಕ್ಕಳೇ ಹುಡುಕಲಿ. ಮುಂದಿನ ವಾರ ನಿನ್ನ ಕ್ಲಾಸಿನಲ್ಲಿ ಅಂಥದ್ದೇ ಇನ್ನೆರಡು ಬಿಲ್ ಕೊಡು. ಇಲ್ಲದಿದ್ದರೆ ಬಂದ ಪುಟ್ಟ ಹೋದ ಪುಟ್ಟ ಅಷ್ಟೇ.

ಕನ್ನಡ ಮೀಡಿಯಂನಿಂದ ಬಂದವರು ಇಂಗ್ಲಿಷಿಗೆ ಹೆದರಿ ಬಾಯಿ ಬಿಡುವುದಿಲ್ಲ, ನಿನಗೇ ಗೊತ್ತಲ್ವಾ. ಹಿಂದಿನ ದಿನವೇ ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿಕೋ, ಕನ್ನಡದಲ್ಲೇ ಬರೆಯಲಿ. ಸಂಬಳ ಎಷ್ಟು, ಸಂಜೆ ಎಷ್ಟು ಗಂಟೆಗೆ ಬಿಡ್ತಾರೆ ಅಂತ ಕೇಳಿರುತ್ತಾರೆ. ಆ ಚೀಟಿಗಳನ್ನು ಮುಚ್ಚಿಡಬೇಡ, ಮೊದಲು ಅವನ್ನೇ ಓದು.

ಶಾಲು ಹೊದಿಸಲೇಬೇಕು ಅಂತ ಪ್ರಿನ್ಸಿಪಾಲರು ಅಂದರೆ ಜಗಳ ಆಡಬೇಡ, ಕೊನೆಯಲ್ಲಿ ಹೊದಿಸಿ. ಆಟೋ ಬಾಡಿಗೆಯನ್ನು ಮಾತ್ರ ಒಂದು ಕವರಿನಲ್ಲಿ ಹಾಕಿ ಕೊಡು. ಹೊಸ ಹುಡುಗರು ಕೇಳೋಕೆ ನಾಚಿಕೊಳ್ತಾರೆ.

ಮುಂದಿನ ಭಾನುವಾರ ಬರುವಾಗ ಹಳೇ ವಿದ್ಯಾರ್ಥಿಗಳ ಫೋನ್ ನಂಬರ್ ಇರುವ ಪುಸ್ತಕ ತಾ. ಇಬ್ಬರೂ ಕೂತು ಗುರುತು ಹಾಕೋಣ. ನಿಮ್ಮತ್ತೆ ಅವರೆಕಾಳಿನ ಉಪ್ಪಿಟ್ಟು ಮಾಡ್ತಾಳಂತೆ, ಹೊತ್ತಾಗಿ ಬರಬೇಡ.

ಇಂತಿ,
ನಿನ್ನ ಮಾವ