ಸೋದರಳಿಯನಿಗೆ: ಮನೆಯಲ್ಲೇ ಬೈಕ್ ಸರ್ವಿಸ್ ಮಾಡಿಕೊಳ್ಳುವ ಕುರಿತು

ಮೈಸೂರು

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವನ ಶುಭಾಶೀರ್ವಾದಗಳು.

ಬೆಂಗಳೂರಿನಲ್ಲಿ ಬಾಡಿಗೆ, ಊಟ, ಪೆಟ್ರೋಲು ಕಳೆದು ತಿಂಗಳ ಕೊನೆಗೆ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿಲ್ಲವೆಂದೂ, ಆದ್ದರಿಂದ ಇನ್ನು ಮುಂದೆ ಸ್ಪ್ಲೆಂಡರ್ ಗಾಡಿಯ ಸರ್ವಿಸನ್ನು ನೀನೇ ಮನೆಯ ಮುಂದೆ ಮಾಡಿಕೊಳ್ಳಬೇಕೆಂದಿರುವೆ ಎಂದೂ ಬರೆದಿದ್ದೀಯೆ. ಓದಿ ಸಂತೋಷವಾಯಿತು. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು, ದುಡ್ಡು ಉಳಿಯುವುದು ಎಲ್ಲಿ ಎಂಬುದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಸಣ್ಣ ಗಾಡಿಗೆ ಮೆಕ್ಯಾನಿಕ್ ತೆಗೆದುಕೊಳ್ಳುವ ಕೂಲಿ ದೊಡ್ಡ ಮೊತ್ತವೇನಲ್ಲ; ಆಯಿಲ್ಲು, ಪ್ಲಗ್ಗು, ಫಿಲ್ಟರುಗಳನ್ನು ನೀನೇ ಕೆಲಸ ಮಾಡಿದರೂ ಕೊಳ್ಳಲೇಬೇಕು. ನಿಜವಾಗಿ ಜೇಬು ಖಾಲಿ ಮಾಡುವುದು ಚೈನ್ ಕಿಟ್, ಕ್ಲಚ್ ಪ್ಲೇಟು, ಟೈರು, ಬೇರಿಂಗುಗಳು ಅವಧಿಗೆ ಮುಂಚೆಯೇ ಸವೆದುಹೋಗುವುದು. ಇವುಗಳ ಆಯುಷ್ಯ ನಿಂತಿರುವುದು ವಾರವಾರವೂ ನೋಡಿಕೊಳ್ಳುವವನ ಕಣ್ಣಿನ ಮೇಲೆ. ಕೆಲವು ತಿಂಗಳಿಗೊಮ್ಮೆ ಗಾಡಿಯನ್ನು ಕಾಣುವ ಗ್ಯಾರೇಜಿನವನು, ಎಷ್ಟೇ ಪ್ರಾಮಾಣಿಕನಾಗಿದ್ದರೂ, ಆ ಕೆಲಸವನ್ನು ನಿನಗಾಗಿ ಮಾಡಲಾರ.

ಆದ್ದರಿಂದ ಆಯಿಲ್ ಬದಲಾಯಿಸುವುದನ್ನು ಕಲಿಯುವ ಮೊದಲು ಚೈನನ್ನು ನೋಡಲು ಕಲಿ. ನಿನ್ನ ಗಾಡಿಯ ಚೈನ್ ಪೂರ್ತಿ ಕವರಿನೊಳಗಿದೆ. ಅದರ ಕೆಳಭಾಗದಲ್ಲಿರುವ ರಬ್ಬರ್ ಮುಚ್ಚಳವನ್ನು ತೆಗೆದು ಬೆರಳಿನಿಂದ ಚೈನನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಎಷ್ಟು ಲೂಸ್ ಇದೆ ಎಂಬುದು ತಿಳಿಯುತ್ತದೆ. ನೂರು ಸಿಸಿ ವರ್ಗದ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಒಂದು ಅಂಗುಲದ ಆಸುಪಾಸಿನಲ್ಲಿರಬೇಕು. ಖಚಿತ ಅಳತೆಯನ್ನು ಗಾಡಿಯೊಂದಿಗೆ ಬಂದ ಕೈಪಿಡಿಯಲ್ಲಿ ನೋಡಿಕೋ. ಚೈನ್ ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲವಾದ್ದರಿಂದ, ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಕಡೆ ಅಳೆದು, ಅತ್ಯಂತ ಬಿಗಿಯಾಗಿರುವ ಜಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಿಗಿಯಾದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಅತಿ ಬಿಗಿಯಾದ ಚೈನ್ ಗೇರ್‌ಬಾಕ್ಸಿನ ಬೇರಿಂಗನ್ನೂ ಹಿಂದಿನ ಚಕ್ರದ ಬೇರಿಂಗನ್ನೂ ತಿನ್ನುತ್ತದೆ, ಆ ಖರ್ಚು ಚೈನಿನ ಖರ್ಚಿಗಿಂತ ಬಹಳ ದೊಡ್ಡದು.

ಲೂಸ್ ತೆಗೆಯುವಾಗ ಹಿಂದಿನ ಚಕ್ರದ ಆಕ್ಸಲ್ ನಟ್ಟನ್ನು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರುಗಳನ್ನು ಸಮನಾಗಿ ತಿರುಗಿಸಿ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಮೇಲಿರುವ ಗೆರೆಗಳು ಎರಡೂ ಬದಿಯಲ್ಲಿ ಒಂದೇ ಸ್ಥಾನಕ್ಕೆ ಬಂದಿವೆಯೇ ಎಂದು ನೋಡಿ, ನಂತರವೇ ನಟ್ಟನ್ನು ಬಿಗಿಮಾಡು. ಕೆಲಸ ಇಲ್ಲಿಗೆ ಮುಗಿಯಿತೆಂದು ಅನೇಕರು ಎದ್ದುಬಿಡುತ್ತಾರೆ. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಬ್ರೇಕಿನ ಸರಳು ಎಳೆದುಕೊಂಡು ಬ್ರೇಕ್ ತಾನಾಗಿ ಬಿಗಿಯಾಗಿರುತ್ತದೆ. ಹಾಗೆಯೇ ಓಡಿಸಿದರೆ ಬ್ರೇಕಿನ ಲೈನರ್ ಉಜ್ಜುತ್ತ ಚಕ್ರದ ನಡುವಿನ ಹಬ್ ಬಿಸಿಯಾಗುತ್ತದೆ, ಮೈಲೇಜೂ ಇಳಿಯುತ್ತದೆ. ಬ್ರೇಕ್ ಪೆಡಲಿನಲ್ಲಿ 20ರಿಂದ 30 ಮಿ.ಮೀ. ಬಿಡುವು (ಬ್ರೇಕ್ ಹಿಡಿಯುವ ಮೊದಲಿನ ಸಡಿಲ ಆಟ) ಉಳಿದಿದೆಯೇ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ, ಪೆಡಲ್ ಒತ್ತಿದಾಗ ಹಿಂದಿನ ದೀಪ ಹೊತ್ತಿಕೊಳ್ಳುತ್ತದೆಯೇ ಎಂಬ ಮೂರನ್ನೂ ನೋಡಿಯೇ ಗಾಡಿಯನ್ನು ರಸ್ತೆಗಿಳಿಸು. ಚೈನಿಗೆ 90 ದರ್ಜೆಯ ಗೇರ್ ಆಯಿಲ್ ಹಾಕು. ಎಂಜಿನ್ನಿನಿಂದ ತೆಗೆದ ಹಳೆಯ ಆಯಿಲ್ ಬಿಟ್ಟಿ ಸಿಗುತ್ತದೆಂದು ಅದನ್ನು ಸುರಿಯಬೇಡ, ಅದರಲ್ಲಿ ಲೋಹದ ಸಣ್ಣ ಪುಡಿ ಸೇರಿರುತ್ತದೆ. ಕವರ್ ತೆಗೆದು ಚೈನ್ ಒರೆಸುವಾಗ ಎಂಜಿನ್ ಆಫ್ ಆಗಿರಲಿ, ಗೇರ್ ನ್ಯೂಟ್ರಲಿನಲ್ಲಿರಲಿ, ಚಕ್ರವನ್ನು ಕೈಯಿಂದಲೇ ತಿರುಗಿಸು. ಬೇಗ ಮುಗಿಯಲೆಂದು ಗೇರಿಗೆ ಹಾಕಿ ಎಂಜಿನ್ ಓಡಿಸುತ್ತ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಈ ಒಂದು ಮಾತನ್ನು ನೀನು ಎಂದಿಗೂ ಮೀರಕೂಡದು.

ಇನ್ನು ಎಂಜಿನ್ ಆಯಿಲ್. ನಿನ್ನ ಗಾಡಿಗೆ ಬೇಕಾದದ್ದು 10ಡಬ್ಲ್ಯು-30 ದರ್ಜೆಯ, ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಬೈಕ್ ಆಯಿಲಿನ ಗುರುತು ನಮೂದಾಗಿರುವ ಆಯಿಲ್. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಕಾರಿಗೆಂದು ತಯಾರಾದ ಅನೇಕ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವುದರಿಂದ, ಅಗ್ಗವೆಂದು ಅದನ್ನು ಹಾಕಿದರೆ ಕ್ಲಚ್ ಜಾರತೊಡಗುತ್ತದೆ. ಸ್ವಲ್ಪ ದೂರ ಓಡಿಸಿ ಎಂಜಿನ್ ಬೆಚ್ಚಗಾದ ಮೇಲೆ, ಕೈ ಸುಡದಂತೆ ಎಚ್ಚರ ವಹಿಸಿ ಡ್ರೈನ್ ಬೋಲ್ಟ್ ಬಿಚ್ಚು. ಬೆಚ್ಚಗಿದ್ದಾಗ ಆಯಿಲ್ ತೆಳುವಾಗಿ ಕೊಳೆಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಬೋಲ್ಟಿನ ಜೊತೆಗಿರುವ ವಾಷರನ್ನು ಹೊಸದಾಗಿ ಹಾಕು; ಬೋಲ್ಟನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಕೊನೆಯಲ್ಲಿ ಮಾತ್ರ ಸ್ಪ್ಯಾನರ್ ಹಿಡಿ. ಎಂಜಿನ್ನಿನ ಕೇಸು ಅಲ್ಯೂಮಿನಿಯಂ ಆದ್ದರಿಂದ ತೋಳಿನ ಬಲವೆಲ್ಲ ಹಾಕಿ ಬಿಗಿಮಾಡಿದರೆ ಥ್ರೆಡ್ ಹೋಗುತ್ತದೆ, ಉಳಿಸಿದ ಕೂಲಿಯ ಹತ್ತುಪಟ್ಟು ಲೇತ್ ಕೆಲಸಕ್ಕೆ ಕೊಡಬೇಕಾಗುತ್ತದೆ. ಹೊಸ ಆಯಿಲ್ ಹಾಕಿ, ಎರಡು ಮೂರು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡು. ಅಳತೆ ಕಡ್ಡಿಯನ್ನು ತಿರುಗಿಸಿ ಒಳಗಿಳಿಸದೆ, ತೂತಿನ ಅಂಚಿಗೆ ಕೂರುವಂತೆ ಇಟ್ಟು ತೆಗೆಯುವುದು ಸರಿಯಾದ ಕ್ರಮ. ಹಳೆಯ ಆಯಿಲನ್ನು ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಟ್ಟುಬಿಡು. ಅಲ್ಲಿಂದ ಮರುಬಳಕೆಯವರು ಒಯ್ಯುತ್ತಾರೆ. ಚರಂಡಿಗೆ ಸುರಿದರೆ ಅದು ಕೊನೆಗೆ ನೀರಿಗೇ ಸೇರುತ್ತದೆ.

ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರು ತಣ್ಣಗಿರುವಾಗ ನೋಡಬೇಕು. ಸ್ಪ್ಲೆಂಡರ್ ಪ್ಲಸ್ಸಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 41 ಪಿಎಸ್ಐ. ಕೈಪಿಡಿಯೊಂದಿಗೆ ಒಮ್ಮೆ ತಾಳೆ ನೋಡಿಕೊಂಡು, ಒಂದು ಗೇಜನ್ನೂ ಕಾಲು ಪಂಪನ್ನೂ ಕೊಂಡುಬಿಡು. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಬಿಡುವು ಇರಲಿ, ಇಲ್ಲದಿದ್ದರೆ ಪ್ಲೇಟುಗಳು ಸದಾ ಅರ್ಧ ಜಾರುತ್ತಲೇ ಸುಟ್ಟುಹೋಗುತ್ತವೆ.

ನಿನ್ನಮ್ಮ ನಿನಗೆ ನನ್ನ ಯಜ್ಡಿ ಬೈಕಿನ ಕಥೆಗಳನ್ನು ಹೇಳಿರಬಹುದು. ಆ ಗಾಡಿಯನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಈ ಊರಿನಲ್ಲಿ, ಭಾನುವಾರ ಅಂಗಳದಲ್ಲಿ ಗಾಡಿ ಬಿಚ್ಚಿಕೊಂಡು ಕೂರುವುದು ನಮಗೆ ಸಹಜವಾಗಿತ್ತು. ಅದರ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇರಲಿಲ್ಲ; ಪ್ಲಗ್ಗಿನ ಕಿಡಿಯ ಹೊತ್ತನ್ನು ನಿಯಂತ್ರಿಸುವ ಪಾಯಿಂಟ್ ಗ್ಯಾಪ್ ಸರಿಮಾಡುವುದನ್ನೂ ಸೈಲೆನ್ಸರಿನ ಇದ್ದಿಲು ಕೆರೆಯುವುದನ್ನೂ ಯಾರಾದರೂ ಕಲಿಯಬಹುದಿತ್ತು. ಆ ಧೈರ್ಯವನ್ನು ನಿನ್ನ ಗಾಡಿಯ ಮೇಲೆ ತೋರಿಸಬೇಡ. 2020ರ ಏಪ್ರಿಲಿನಲ್ಲಿ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಬಂದ ಮೇಲೆ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಸೆನ್ಸರುಗಳು, ಪೆಟ್ರೋಲ್ ಪಂಪು, ವೈರಿಂಗ್ ಇವುಗಳನ್ನು ಊಹೆಯ ಮೇಲೆ ಬಿಚ್ಚಬಾರದು. ಮೀಟರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡೇ ಉಳಿದರೆ ತಕ್ಕ ಉಪಕರಣವಿರುವವರ ಬಳಿಗೆ ಹೋಗು. ವಾರಂಟಿ ಇರುವವರೆಗೆ ಕಂಪನಿ ಗೊತ್ತುಪಡಿಸಿದ ಸರ್ವಿಸುಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಿ ಬಿಲ್ಲುಗಳನ್ನು ಜೋಪಾನವಾಗಿಡು.

ಬ್ರೇಕಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟಾದ ಮಾತು. ಸವೆದಿದೆಯೇ ಎಂದು ನೋಡುವುದು ನಿನ್ನ ಕೆಲಸ, ಬದಲಾಯಿಸುವುದು ಸದ್ಯಕ್ಕೆ ಮೆಕ್ಯಾನಿಕನ ಕೆಲಸ. ಪೆಡಲ್ ಪೂರ್ತಿ ಒತ್ತಿದಾಗ ಡ್ರಮ್ಮಿನ ಹೊರಗಿನ ಬಾಣದ ಗುರುತು ಎದುರಿನ ಗೆರೆಗೆ ತಾಗಿದರೆ ಲೈನರ್ ಮುಗಿದಿದೆ ಎಂದರ್ಥ. ಅವನು ಬದಲಾಯಿಸುವಾಗ ಪಕ್ಕದಲ್ಲಿ ನಿಂತು ಎರಡು ಮೂರು ಸಲ ಗಮನವಿಟ್ಟು ನೋಡು, ಕೈಹಾಕುವುದು ಆಮೇಲಾಗಲಿ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡ, ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಧೂಳು ಶ್ವಾಸಕೋಶಕ್ಕೆ ಕೇಡು.

ಸಾಮಾನುಗಳನ್ನು ಜೆ.ಸಿ. ರಸ್ತೆಯಲ್ಲೋ ನಿನ್ನ ಬಡಾವಣೆಯಲ್ಲೋ ಎಲ್ಲಿ ಕೊಂಡರೂ ಬಿಲ್ ಕೇಳಿ ಪಡೆ. ನಕಲಿ ಮಾಲು ನೋಡಲು ಅಸಲಿಯಂತೆಯೇ ಇರುತ್ತದೆ. ಅಗಲ ಬದಲಾಯಿಸುವ ಸ್ಕ್ರೂ ಸ್ಪ್ಯಾನರ್ ಕೊಳ್ಳಬೇಡ, ಅದು ನಟ್ಟಿನ ಮೂಲೆಗಳನ್ನು ಕೆಡಿಸುತ್ತದೆ. ಒಳ್ಳೆಯ ರಿಂಗ್ ಸ್ಪ್ಯಾನರುಗಳ ಒಂದು ಸೆಟ್ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರು, ಮಾಡಿದ ಕೆಲಸ, ಕೊಟ್ಟ ದುಡ್ಡು ಇವನ್ನು ಬರೆಯುತ್ತ ಹೋಗು.

ಮೊದಲ ಸಲ ಆಯಿಲ್ ಬದಲಾಯಿಸುವುದನ್ನು ಶನಿವಾರ ಬೆಳಿಗ್ಗೆ ಇಟ್ಟುಕೋ. ವಾಷರ್ ಕಳೆದುಹೋದರೂ ಬೋಲ್ಟ್ ಕೈಕೊಟ್ಟರೂ ಅಂಗಡಿಗಳು ತೆರೆದಿರುತ್ತವೆ, ಸೋಮವಾರ ನೀನು ಕೆಲಸಕ್ಕೆ ಹೋಗಲು ತೊಂದರೆಯಾಗುವುದಿಲ್ಲ. ಶುರುಮಾಡುವ ಮೊದಲು ನನಗೊಂದು ಫೋನ್ ಮಾಡು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ